ಗಣಿಕೆಸೊಪ್ಪು: ಗುರುತು, ವಿಷಶಂಕೆ ಮತ್ತು ಜನಪದ ವಿವೇಕ

ಹಳೆಯ ಮೈಸೂರು ಸೀಮೆಯ ರಾಗಿಹೊಲಗಳಲ್ಲಿ ಮುಂಗಾರಿನ ಮೊದಲ ಮಳೆಗಳು ಬಿದ್ದು ಮೂರು ನಾಲ್ಕು ವಾರ ಕಳೆಯುವ ಹೊತ್ತಿಗೆ ಪೈರಿನ ಜೊತೆಯಲ್ಲಿಯೇ ಹತ್ತಾರು ಬಗೆಯ ಗಿಡಗಳು ತಲೆಯೆತ್ತುತ್ತವೆ. ಒಕ್ಕಲುತನದ ಲೆಕ್ಕದಲ್ಲಿ ಇವೆಲ್ಲ ಕಳೆ; ಅಡುಗೆಮನೆಯ ಲೆಕ್ಕದಲ್ಲಿ ಇವುಗಳಲ್ಲಿ ಹಲವು ಸೊಪ್ಪು. ಅಣ್ಣೆ, ಕನ್ನೆ, ಗೋಣಿ, ಹೊನಗೊನ್ನೆ, ತಗಚೆ, ಗಣಿಕೆ ಮುಂತಾದವನ್ನು ಕೂಡಿಸಿ ಬೇಯಿಸುವ ಬೆರಕೆಸೊಪ್ಪಿನ ಸಾರು ಈ ಭಾಗದ ಬಡವರ ಮನೆಯಲ್ಲಿ ಮಳೆಗಾಲದ ಮುಖ್ಯ ವ್ಯಂಜನವಾಗಿತ್ತು. ಈ ಬೆರಕೆಯಲ್ಲಿ ಸೇರುವ ಗಿಡಗಳಲ್ಲಿ ಬಹುಪಾಲಿನವುಗಳ ಬಗ್ಗೆ ಯಾರಿಗೂ ಅನುಮಾನವಿಲ್ಲ. ಗಣಿಕೆಯ ವಿಷಯ ಹಾಗಲ್ಲ. ಒಂದು ಪರಂಪರೆ ಇದನ್ನು ನಿತ್ಯದ ಸೊಪ್ಪೆಂದು ಬಗೆದಿದೆ. ಇನ್ನೊಂದು ಔಷಧಿಯೆಂದು ಹೊಗಳಿ, ಅದೇ ಉಸಿರಿನಲ್ಲಿ ಮರಣಕಾರಿಯಾಗಬಹುದೆಂದು ಎಚ್ಚರಿಸಿದೆ. ಮೂರನೆಯದು ಇದನ್ನು ನೇರವಾಗಿ ವಿಷಸಸ್ಯಗಳ ಪಟ್ಟಿಗೆ ಸೇರಿಸಿದೆ. ಮೂರು ಪರಂಪರೆಗಳೂ ನೋಡಿದ್ದು ಹೆಚ್ಚುಕಡಿಮೆ ಒಂದೇ ಗಿಡವನ್ನು. ಈ ಭಿನ್ನಾಭಿಪ್ರಾಯದ ಚರಿತ್ರೆಯನ್ನು ಪರಿಶೀಲಿಸಿ, ಅದರ ನಡುವೆ ಹೊಲದ ಹೆಣ್ಣುಮಕ್ಕಳು ರೂಢಿಸಿಕೊಂಡು ಬಂದ ಗುರುತಿಸುವಿಕೆಯ ಕ್ರಮ ಎಂಥದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರು. ದಕ್ಷಿಣದ ಜಿಲ್ಲೆಗಳಲ್ಲಿ ಗಣಿಕೆ ಎಂಬುದೇ ಬಳಕೆಯ ಮಾತು. ಉಳಿದೆಡೆ ಕಾಕಿಗಿಡ, ಕಾಕಿಸೊಪ್ಪು, ಕಾಕಮಂಚಿ, ಕಾಮಂಚಿ ಎಂಬ ರೂಪಗಳಿವೆ. ತೆಲುಗಿನಲ್ಲಿಯೂ ಕಾಮಂಚಿಯೇ, ತಮಿಳಿನಲ್ಲಿ ಮಣತ್ತಕ್ಕಾಳಿ. ಸಂಸ್ಕೃತದ ಕಾಕಮಾಚಿಯಿಂದ ಕಾಮಂಚಿ ಬಂದಿರುವುದು ಸ್ಪಷ್ಟ. ಕಾಗೆಗೂ ಈ ಗಿಡಕ್ಕೂ ಹೆಸರಿನಲ್ಲಿ ಇರುವ ನಂಟಿಗೆ ಕಾರಣ ಹಣ್ಣು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಹಿಕ್ಕೆಯಲ್ಲಿ ಬಿಡುವುದರಿಂದ ಮರದಡಿಯಲ್ಲಿ, ಬೇಲಿಯ ಸಾಲಿನಲ್ಲಿ, ತಿಪ್ಪೆಯ ಬದಿಯಲ್ಲಿ, ಹಿತ್ತಲಿನ ಬಚ್ಚಲುನೀರು ಹರಿಯುವ ಕಡೆ ಗಿಡ ತಾನಾಗಿಯೇ ಹುಟ್ಟುತ್ತದೆ. ಯಾರೂ ಬಿತ್ತದೆ ಬರುವ ಈ ಸೊಪ್ಪನ್ನು ಕಾಗೆಯ ಪಾಲಿಗೆ ಬರೆದಿರುವುದು ಜನರ ಸೂಕ್ಷ್ಮವಾದ ಅವಲೋಕನವೇ ಸರಿ. ಕನ್ನಡದಲ್ಲಿ ದತ್ತೂರಿಗೆ ಮದಗುಣಿಕೆ, ಮದ್ದುಗುಣಿಕೆ ಎಂಬ ಹೆಸರುಗಳಿರುವುದನ್ನೂ ಇಲ್ಲಿ ಗಮನಿಸಬೇಕು. ಗಣಿಕೆ ಮತ್ತು ಗುಣಿಕೆ ಎಂಬ ರೂಪಗಳು ಒಂದೇ ಮೂಲದವೆಂದು ಹೇಳಲು ಆಧಾರ ಸಾಲದು. ಧ್ವನಿಸಾಮ್ಯ ಆಕಸ್ಮಿಕವೂ ಇರಬಹುದು. ಆದರೆ ಉಣ್ಣುವ ಗಿಡವೊಂದು, ಮದವೇರಿಸುವ ಗಿಡವೊಂದು ಇಷ್ಟು ಹತ್ತಿರದ ಹೆಸರುಗಳನ್ನು ಹೊತ್ತು ಒಂದೇ ತಿಪ್ಪೆಯ ಬದಿಯಲ್ಲಿ ಬೆಳೆಯುತ್ತವೆ ಎಂಬ ಸಂಗತಿ ಮುಂದಿನ ಚರ್ಚೆಗೆ ಬೇಕಾದೀತು.

ಗಿಡದ ಸ್ವರೂಪ ಹೀಗಿದೆ. ಒಂದರಿಂದ ಮೂರು ಅಡಿ ಎತ್ತರ, ಮುಳ್ಳಿಲ್ಲ, ಮೆದುವಾದ ಕಾಂಡ, ಕಡುಹಸಿರಿನ, ಬುಡದಲ್ಲಿ ಅಗಲವಾಗಿ ತುದಿಗೆ ಚೂಪಾಗುವ ಎಲೆ. ಎಲೆಯ ಅಂಚು ಕೆಲವು ಗಿಡಗಳಲ್ಲಿ ನೇರ, ಕೆಲವುಗಳಲ್ಲಿ ಅಲೆಯಂತೆ ಬಾಗಿದ್ದು. ಹೂವು ಚಿಕ್ಕದು, ಬಿಳಿಯದು, ಐದು ಎಸಳಿನದು, ನಡುವೆ ಹಳದಿಯ ಕೇಸರ. ಮೂರರಿಂದ ಎಂಟು ಹೂಗಳು ಒಂದೇ ತೊಟ್ಟಿನ ತುದಿಯಲ್ಲಿ ಕೂಡಿಕೊಂಡು ಕೆಳಮುಖವಾಗಿ ತೂಗುತ್ತವೆ. ಬಟಾಣಿಗಿಂತ ತುಸು ಚಿಕ್ಕದಾದ ಕಾಯಿ ಮೊದಲು ಹಸಿರು, ಮಾಗಿದಾಗ ಕಪ್ಪು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸೊಲನಂ ನೈಗ್ರಮ್ ಎಂದು ಹೆಸರು. 1753ರಲ್ಲಿ ಲಿನೇಯಸ್ ಇಟ್ಟದ್ದು. ಬದನೆ, ಆಲೂಗಡ್ಡೆ, ಟೊಮೇಟೊ, ಸುಂಡೆ, ಗುಳ್ಳಗಳೆಲ್ಲ ಇದರ ಬಳಗ. ಆದರೆ ಒಂದೇ ಹೆಸರಿನಡಿಯಲ್ಲಿ ಇರುವುದು ಒಂದೇ ಗಿಡವಲ್ಲ. ಫಿಲಿಪ್ ಮಿಲ್ಲರ್ 1768ರಲ್ಲಿಯೇ ಇದರಿಂದ ಎರಡು ಜಾತಿಗಳನ್ನು ಬೇರ್ಪಡಿಸಿ ಹೆಸರಿಸಿದ್ದನು. ಇಪ್ಪತ್ತನೆಯ ಶತಮಾನದ ಕೋಶವಿಜ್ಞಾನ ಈ ಮೂರಕ್ಕೆ ಕ್ರಮವಾಗಿ 24, 48, 72 ವರ್ಣತಂತುಗಳಿರುವುದನ್ನು ತೋರಿಸಿ ಭೇದವನ್ನು ದೃಢಪಡಿಸಿತು. ಚಿಕ್ಕದಾದ, ಹೊಳಪಿನ ಕಪ್ಪುಹಣ್ಣಿನದು ಒಂದು. ಕಿತ್ತಳೆಗೆಂಪಿನ ಹಣ್ಣಿನದು ಇನ್ನೊಂದು. ಹೊಳಪಿಲ್ಲದ ಕಪ್ಪುಹಣ್ಣಿನದು ಮತ್ತೊಂದು. ಭಾರತದಲ್ಲಿ ಈ ಮೂರೂ ಇವೆ. ಗ್ರಾಮೀಣರು ಕರಿಹಣ್ಣಿನದು, ಕೆಂಪುಹಣ್ಣಿನದು ಎಂದು ಬೇರೆ ಮಾಡಿ ಹೇಳುವುದುಂಟು. ವಿದ್ವಾಂಸರ ಗ್ರಂಥಗಳಲ್ಲಿ ಬಹುಕಾಲ ಅಷ್ಟೂ ಭೇದವಿರಲಿಲ್ಲ. ಗಣಿಕೆ ವಿಷವೇ ಅಲ್ಲವೇ ಎಂಬ ವಾದ ಇಷ್ಟು ದೀರ್ಘವಾಗಿ ನಡೆಯಲು ಯಾವ ಗಿಡದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದೇ ಖಚಿತವಿಲ್ಲದಿದ್ದುದು ಒಂದು ಕಾರಣ.

ಆಯುರ್ವೇದದ ಆಕರಗಳು ಈ ವಿಷಯದಲ್ಲಿ ಕುತೂಹಲಕಾರಿಯಾಗಿವೆ. ಕಾಕಮಾಚಿ ಮೂರು ದೋಷಗಳನ್ನೂ ಶಮನಗೊಳಿಸುವಂಥದೆಂದು ನಿಘಂಟುಗಳು ಹೊಗಳುತ್ತವೆ. ಆದರೆ ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ವಿರುದ್ಧಾಹಾರಗಳನ್ನು ಹೇಳುವಾಗ ಕಾಕಮಾಚಿಯೂ ಜೇನೂ ಕೂಡಿದರೆ ಮರಣಕ್ಕೆ ಕಾರಣವಾಗುತ್ತದೆ ಎಂಬ ಕಠಿಣವಾದ ಮಾತು ಬರುತ್ತದೆ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಈ ನಿಷೇಧವನ್ನು ಇನ್ನಷ್ಟು ವಿಸ್ತರಿಸುತ್ತಾನೆ: ಹಿಪ್ಪಲಿ, ಮೆಣಸು, ಜೇನು ಅಥವಾ ಬೆಲ್ಲದೊಡನೆ ಕಾಕಮಾಚಿಯನ್ನು ತಿನ್ನಬಾರದು, ಮೀನು ಬೇಯಿಸಿದ ಪಾತ್ರೆಯಲ್ಲಾಗಲಿ ಶುಂಠಿ ಬೇಯಿಸಿದ ಪಾತ್ರೆಯಲ್ಲಾಗಲಿ ಬೇಯಿಸಿದ್ದನ್ನು ತಿನ್ನಬಾರದು, ಬೇರೆ ಯಾವ ಪಾತ್ರೆಯಲ್ಲಿ ಬೇಯಿಸಿದ್ದಾದರೂ ರಾತ್ರಿ ಕಳೆದ ತಂಗಳನ್ನು ತಿನ್ನಬಾರದು.

ಈ ಮಾತುಗಳನ್ನು ಔಷಧಶಾಸ್ತ್ರದ ದೃಷ್ಟಿಯಿಂದ ಮಾತ್ರ ನೋಡಿದರೆ ಒಗಟಾಗಿ ಉಳಿಯುತ್ತವೆ. ಜೇನು ಸೇರಿದೊಡನೆ ಈ ಸೊಪ್ಪು ಕೊಲ್ಲುವ ವಿಷವಾಗುತ್ತದೆ ಎಂಬುದಕ್ಕೆ ಇಂದಿನ ರಸಾಯನಶಾಸ್ತ್ರದಲ್ಲಿ ಆಧಾರ ದೊರೆಯುವುದಿಲ್ಲ. ಸಾಮಾಜಿಕ ಚರಿತ್ರೆಯ ಆಕರವಾಗಿ ನೋಡಿದರೆ ಇವು ಬೇರೆಯದನ್ನೇ ಹೇಳುತ್ತವೆ. ಮೀನಿನ ಪಾತ್ರೆ, ಶುಂಠಿಯ ಪಾತ್ರೆ, ತಂಗಳು ಎಂಬ ವಿವರಗಳು ಔಷಧಶಾಲೆಯವಲ್ಲ, ಅಡುಗೆಮನೆಯವು. ಯಾರೂ ಬೇಯಿಸದ, ಯಾರೂ ಮಿಗಿಸಿ ಮರುದಿನಕ್ಕೆ ಇಡದ ಸೊಪ್ಪಿನ ತಂಗಳನ್ನು ನಿಷೇಧಿಸುವ ಅಗತ್ಯ ಯಾವ ವೈದ್ಯನಿಗೂ ಬೀಳುವುದಿಲ್ಲ. ಆದ್ದರಿಂದ ವಾಗ್ಭಟನ ಕಾಲಕ್ಕೆ ಗಣಿಕೆ ಸಾಮಾನ್ಯವಾದ ಶಾಕವಾಗಿತ್ತು, ಮತ್ತು ಅದನ್ನು ಉಂಡವರಲ್ಲಿ ಕೆಲವರಿಗೆ ಕೆಲವೊಮ್ಮೆ ಕೆಡುಕಾಗುತ್ತಿತ್ತು ಎಂದು ಊಹಿಸಲು ಅವಕಾಶವಿದೆ. ಕೆಡುಕು ಗಿಡದಲ್ಲಿಯೇ ಇದೆಯೋ ಎಂದು ಕೇಳುವ ಬದಲು ಜೊತೆಗೆ ತಿಂದ ಪದಾರ್ಥದಲ್ಲಿ, ಬೇಯಿಸಿದ ಪಾತ್ರೆಯಲ್ಲಿ, ಇಟ್ಟ ಹೊತ್ತಿನಲ್ಲಿ ಅದರ ಕಾರಣವನ್ನು ಹುಡುಕಿದಂತೆ ತೋರುತ್ತದೆ. ಕನ್ನಡ ನಾಡಿನ ಮನೆಗಳಲ್ಲಿ ರಾತ್ರಿ ಸೊಪ್ಪು ಉಣ್ಣಬಾರದು, ಸೊಪ್ಪಿನ ಸಾರನ್ನು ತಂಗಳು ಮಾಡಬಾರದು ಎಂಬ ನಂಬಿಕೆ ಇಂದಿಗೂ ಜೀವಂತವಾಗಿದೆ. ಅದು ಶಾಸ್ತ್ರದಿಂದ ಜನಕ್ಕೆ ಇಳಿಯಿತೋ, ಜನರ ರೂಢಿಯೇ ಶಾಸ್ತ್ರಕ್ಕೆ ಏರಿತೋ ಹೇಳುವುದು ಕಷ್ಟ. ಇಂಥ ಸಂದರ್ಭಗಳಲ್ಲಿ ಶಾಸ್ತ್ರವೇ ಮೂಲವೆಂದು ತೀರ್ಮಾನಿಸಿಬಿಡುವ ಅಭ್ಯಾಸ ನಮ್ಮ ವಿದ್ವತ್ತಿನಲ್ಲಿ ಬಲವಾಗಿದೆ, ಅದನ್ನು ಮರುಪರಿಶೀಲಿಸಬೇಕಾಗಿದೆ.

ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ಕೊರತೆಯಿಲ್ಲ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ, ಪಾಕ, ವಿಷವೈದ್ಯ ಎಲ್ಲವೂ ಒಂದೇ ಹೊತ್ತಗೆಯಲ್ಲಿ ಸೇರಿವೆ. ಹದಿನಾಲ್ಕನೆಯ ಶತಮಾನದ ಮೊದಲನೆಯ ಮಂಗರಾಜನ ಖಗೇಂದ್ರಮಣಿದರ್ಪಣವಂತೂ ವಿಷಚಿಕಿತ್ಸೆಗೇ ಮೀಸಲಾದ ದೊಡ್ಡ ಕಾವ್ಯರೂಪದ ಶಾಸ್ತ್ರಗ್ರಂಥ. ಸಸ್ಯ ಮತ್ತು ಖನಿಜಗಳಿಂದ ಬರುವ ಸ್ಥಾವರವಿಷ, ಪ್ರಾಣಿಗಳಿಂದ ಬರುವ ಜಂಗಮವಿಷ ಎಂಬ ವಿಂಗಡಣೆ ಅಲ್ಲಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದು ಬದನೆಯ ಪಾಕಗಳಿಗೆ ವಿಶೇಷ ಸ್ಥಾನ ಕೊಟ್ಟನು. ಬದನೆ ಗಣಿಕೆಯ ಹತ್ತಿರದ ನೆಂಟ ಎಂಬುದನ್ನು ಮರೆಯಬಾರದು. ಆದರೆ ಈ ಗ್ರಂಥಗಳ ಓದುಗ ಯಾರು ಎಂಬುದನ್ನು ಗಮನಿಸಿದಾಗ ಅವುಗಳ ಮಿತಿ ತಿಳಿಯುತ್ತದೆ. ಪಾಕಶಾಸ್ತ್ರ ಅಡುಗೆಮನೆಗೆ ಬಂದ ಪದಾರ್ಥವನ್ನು ಹೇಗೆ ಬೇಯಿಸಬೇಕೆಂದು ಹೇಳುತ್ತದೆ. ವಿಷಶಾಸ್ತ್ರ ವಿಷವೇರಿದ ಮೇಲೆ ಹೇಗೆ ಇಳಿಸಬೇಕೆಂದು ಹೇಳುತ್ತದೆ. ಇವೆರಡಕ್ಕೂ ಮೊದಲಿನ ಘಟ್ಟವೊಂದಿದೆ: ಹೊಲದಲ್ಲಿ ಬಗ್ಗಿ, ಈ ಗಿಡವನ್ನು ಕೀಳಬಹುದೇ ಬಿಡಬೇಕೇ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವ ಘಟ್ಟ. ಅದು ಕವಿಗಳ ಅನುಭವಕ್ಕೆ ಸೇರಿದ್ದಲ್ಲ. ಅದನ್ನು ಬಲ್ಲವರು ಬರೆಯಲಿಲ್ಲ.

ಯುರೋಪಿನ ಕಥೆ ಇನ್ನೊಂದು ದಿಕ್ಕಿನಲ್ಲಿ ಸಾಗಿತು. ಇಂಗ್ಲಿಷಿನಲ್ಲಿ ನೈಟ್‌ಶೇಡ್ ಎಂಬ ಒಂದೇ ಹೆಸರು ಹಲವು ಗಿಡಗಳಿಗಿದೆ. ಗಣಿಕೆ ಕರಿ ನೈಟ್‌ಶೇಡ್. ಯುರೋಪು ಮತ್ತು ಪಶ್ಚಿಮ ಏಷ್ಯಾದಲ್ಲಿ ಬೆಳೆಯುವ, ನಿಜವಾಗಿಯೂ ಪ್ರಾಣಾಂತಿಕವಾದ ಬೆಲ್ಲಡೋನ ಮಾರಕ ನೈಟ್‌ಶೇಡ್. ಬೆಲ್ಲಡೋನದ ಹೂವು ಗಂಟೆಯಾಕಾರದ್ದು, ಮಂಕು ನೇರಳೆ ಬಣ್ಣದ್ದು. ಹಣ್ಣು ಒಂದೊಂದಾಗಿ ಬಿಡುತ್ತದೆ, ಗೊಂಚಲಾಗಿ ಅಲ್ಲ. ನೋಡಿದವರಿಗೆ ತಪ್ಪಾಗುವಂತಿಲ್ಲ. ಆದರೂ ಹೆಸರು ಒಂದೇ ಆದ್ದರಿಂದ ಒಂದರ ಅಪಕೀರ್ತಿ ಇನ್ನೊಂದಕ್ಕೆ ಅಂಟಿಕೊಂಡಿತು. ಅದಕ್ಕೆ ರಸಾಯನಶಾಸ್ತ್ರದ ಬಲವೂ ದೊರೆಯಿತು. 1820ರಲ್ಲಿ ದೆಫೋಸ್ ಎಂಬ ಫ್ರೆಂಚ್ ಔಷಧಕಾರನು ಗಣಿಕೆಯ ಹಣ್ಣಿನಿಂದ ಕಹಿಯಾದ ವಸ್ತುವೊಂದನ್ನು ಬೇರ್ಪಡಿಸಿದನು. ಗಿಡದ ಕುಲನಾಮದಿಂದಲೇ ಅದಕ್ಕೆ ಸೊಲನಿನ್ ಎಂಬ ಹೆಸರು ಬಂತು. ಇಂದು ಹಸಿರಾದ ಆಲೂಗಡ್ಡೆಯನ್ನು ತಿನ್ನಬೇಡಿ ಎಂದು ಹೇಳುವಾಗ ಉಲ್ಲೇಖಿಸುವ ಸೊಲನಿನ್ ಇದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಈ ಅಂಜಿಕೆ ಎಷ್ಟು ಬಲವಾಗಿತ್ತೆಂಬುದಕ್ಕೆ ಅಮೆರಿಕದ ಪ್ರಸಂಗವೊಂದು ಸಾಕ್ಷಿ. 1909ರಲ್ಲಿ ಪ್ರಸಿದ್ಧ ತಳಿಗಾರ ಲೂಥರ್ ಬರ್ಬ್ಯಾಂಕ್ ತಾನು ಸೃಷ್ಟಿಸಿದ ಹೊಸ ಹಣ್ಣೆಂದು ಹೇಳಿದ ಗಿಡವೊಂದು ಮಾರುಕಟ್ಟೆಗೆ ಬಂದಾಗ, ಇದು ಹೊಸದಲ್ಲ, ವಿಷದ ಗಿಡವೆಂದು ಹೆಸರಾದ ಕರಿ ನೈಟ್‌ಶೇಡೇ ಎಂದು ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಅದೇ ಕಾಲದಲ್ಲಿ ಕರ್ನಾಟಕದ ಹೊಲಗಳಲ್ಲಿಯೂ ಪೂರ್ವ ಆಫ್ರಿಕದ ಹಿತ್ತಲುಗಳಲ್ಲಿಯೂ ಇದೇ ಬಳಗದ ಸೊಪ್ಪನ್ನು ಜನ ಯಾವ ಗದ್ದಲವೂ ಇಲ್ಲದೆ ಬೇಯಿಸಿ ಉಣ್ಣುತ್ತಿದ್ದರು.

ಇಲ್ಲಿಗೆ ಬಂದ ಆಂಗ್ಲ ಅಧಿಕಾರಿಗಳು, ವೈದ್ಯರು ತಮ್ಮ ಪುಸ್ತಕಗಳ ಜೊತೆಯಲ್ಲಿ ಈ ಶಂಕೆಯನ್ನೂ ತಂದರು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸ್ವತಃ ಸಸ್ಯಜ್ಞ. ಆದರೆ ಅವನನ್ನು ಕಳುಹಿಸಿದವರಿಗೆ ಬೇಕಾಗಿದ್ದುದು ಬೆಳೆ, ನೀರಾವರಿ, ಕಂದಾಯ, ಸರಕುಗಳ ವಿವರ. ಕಂದಾಯವಿಲ್ಲದ ಗಿಡ ದಾಖಲೆಗೆ ಬರುವುದು ಅಪರೂಪ. ಇಂಥ ಗಿಡಗಳು ಎಷ್ಟು ಜೀವಗಳನ್ನು ಹಿಡಿದು ನಿಲ್ಲಿಸಿದ್ದವೆಂಬುದು ಬರಗಾಲದಲ್ಲಿ ಮಾತ್ರ ಹೊರಗಿನವರ ಕಣ್ಣಿಗೆ ಬೀಳುತ್ತಿತ್ತು. 1876-78ರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಕಂಡ ಪ್ರಾಣಹಾನಿ ಎಂಥದೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಮಳೆಯೇ ಇಲ್ಲದ ವರ್ಷದಲ್ಲಿ ಕಳೆಸೊಪ್ಪೂ ಹುಟ್ಟುವುದಿಲ್ಲ. ಹುಟ್ಟಿದ ಕಡೆಯಲ್ಲಿ, ಹಸಿದ ಹೊಟ್ಟೆಗೆ ಬೇರಾವ ಕಾಳೂ ಇಲ್ಲದೆ ಒಂದೇ ಸೊಪ್ಪನ್ನು ದಿನಗಟ್ಟಲೆ ತಿನ್ನುವ ಪರಿಸ್ಥಿತಿ ಬೇರೆ, ಒಳ್ಳೆಯ ಕಾಲದಲ್ಲಿ ರಾಗಿಮುದ್ದೆಯೊಡನೆ ಬೆರಕೆಯಾಗಿ ಉಣ್ಣುವುದು ಬೇರೆ.

ಹಾಗಾದರೆ ಗಣಿಕೆಯಲ್ಲಿ ವಿಷವಿದೆಯೇ? ಇದೆ. ಸೊಲನಿನ್ ಮತ್ತು ಅದರ ಜೊತೆಯ ಸೊಲಸೊನಿನ್, ಸೊಲಮಾರ್ಜಿನ್ ಮುಂತಾದ ಸಂಯುಕ್ತಗಳು ಗಿಡದಲ್ಲಿವೆ. ಹಸಿರು ಕಾಯಿಯಲ್ಲಿ ಹೆಚ್ಚು. ಹಣ್ಣು ಮಾಗಿದಂತೆ ಕಡಿಮೆ. ಗಿಡದಿಂದ ಗಿಡಕ್ಕೆ, ನೆಲದಿಂದ ನೆಲಕ್ಕೆ ಪ್ರಮಾಣ ಬದಲಾಗುತ್ತದೆ. ಅತಿಯಾಗಿ ಒಳಗೆ ಹೋದರೆ ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು ಕಾಣಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಅಪಾಯ ಹೆಚ್ಚು, ಏಕೆಂದರೆ ಕೆಡುಕು ದೇಹದ ತೂಕಕ್ಕೆ ತಕ್ಕಂತೆ ಬರುತ್ತದೆ. ಪ್ರತಿ ಕಿಲೋಗ್ರಾಂ ತೂಕಕ್ಕೆ 2ರಿಂದ 5 ಮಿಲಿಗ್ರಾಂ ಒಳಹೊಕ್ಕರೆ ತೊಂದರೆ ಆರಂಭವಾಗುತ್ತದೆಂದು ಅಂದಾಜು. ಆಲೂಗಡ್ಡೆಯಲ್ಲಿ ಇಂಥ ಸಂಯುಕ್ತಗಳು ಒಂದು ಕಿಲೋಗ್ರಾಮಿಗೆ 200 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಿತಿ. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ವಿವರಿಸಿದ ಹೊರನಾಡಿನ ತರಕಾರಿಗಳ ಪೈಕಿ ಆಲೂಗಡ್ಡೆ ಹಾಸನದ ಹೊಲಗಳಲ್ಲಿ ನೆಲೆನಿಂತು ಮನೆಮನೆಯ ಪದಾರ್ಥವಾಗಿದೆ, ಅದರಲ್ಲಿಯೂ ಇದೇ ವಿಷವಿದೆಯೆಂದು ಯಾರೂ ಅದನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಪೇಟೆಯಿಂದ ಬಂದ ವಿಷಕ್ಕೆ ಒಂದು ನ್ಯಾಯ, ಹೊಲದ ಬದುವಿನ ವಿಷಕ್ಕೆ ಇನ್ನೊಂದು ನ್ಯಾಯ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಸೊಪ್ಪು ಕೀಳುವುದು ಕಳೆ ತೆಗೆಯುವ ಕೆಲಸದ ಜೊತೆಗೇ ನಡೆಯುತ್ತಿತ್ತು. ಕೂಲಿಗೆ ಬಂದ ಹೆಣ್ಣಾಳುಗಳು ಸಾಲು ಹಿಡಿದು ಕುಳಿತು ಕುಡುಗೋಲಿನಿಂದ ಕಳೆ ತೆಗೆಯುತ್ತ, ಉಣ್ಣುವ ಸೊಪ್ಪನ್ನು ಮಡಿಲಿಗೆ ಹಾಕಿಕೊಳ್ಳುತ್ತ ಸಾಗುತ್ತಾರೆ. ಹೊಲದೊಡೆಯನಿಗೆ ಕಳೆ ಹೋಗುತ್ತದೆ, ಆಳಿನ ಮನೆಗೆ ಸಾರು ಬರುತ್ತದೆ. ಜೊತೆಗೆ ಬಂದ ಹುಡುಗಿಯರು ಅಮ್ಮನ, ಅತ್ತೆಯ, ಅಜ್ಜಿಯ ಪಕ್ಕದಲ್ಲಿ ಕುಳಿತು ಕೀಳುತ್ತಾರೆ. ತಪ್ಪು ಗಿಡಕ್ಕೆ ಕೈ ಹೋದಾಗ ಪಕ್ಕದ ಕೈ ತಡೆಯುತ್ತದೆ. ಇಲ್ಲಿ ಪಾಠವೆಂಬುದು ಬೇರೆಯಾಗಿ ಇಲ್ಲ.

ಈ ಗುರುತಿಸುವಿಕೆಯ ಸ್ವರೂಪ ಸಸ್ಯಶಾಸ್ತ್ರದ ವಿಧಾನಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಸಸ್ಯಶಾಸ್ತ್ರಜ್ಞ ಹೂವನ್ನು ಕೇಳುತ್ತಾನೆ. ಹೂವಿಲ್ಲದ ಗಿಡ ಅವನಿಗೆ ಅರೆಬರೆ ಸಾಕ್ಷಿ. ಸೊಪ್ಪು ಕೀಳುವವಳಿಗೆ ಹೂ ಬಂದ ಗಿಡ ಬಲಿತದ್ದು, ಬೇಡವಾದದ್ದು. ಹೂ ಬರುವ ಮೊದಲೇ, ನಾಲ್ಕಾರು ಎಲೆಯ ಹಂತದಲ್ಲಿಯೇ ಅವಳು ತೀರ್ಮಾನಿಸಬೇಕು. ಈ ಹಂತದಲ್ಲಿಯೇ ದತ್ತೂರಿಯ ಎಳೆಯ ಸಸಿಯೂ ಗಣಿಕೆಯ ಸಸಿಯೂ ಒಂದನ್ನೊಂದು ಹೋಲುವುದು. ದೊಡ್ಡದಾದ ಮೇಲೆ ಕಹಳೆಯಂಥ ಹೂವನ್ನೂ ಮುಳ್ಳುಕಾಯನ್ನೂ ನೋಡಿ ದತ್ತೂರಿಯನ್ನು ಮಗುವೂ ಹೇಳಬಲ್ಲದು. ಎಳೆಯದರಲ್ಲಿ ಮೋಸಹೋಗುವ ಸಾಧ್ಯತೆ ನಿಜ. ಮೋಸದ ಫಲವೂ ಬೇರೆ ತೆರನದು. ದತ್ತೂರಿಯ ವಿಷ ಸೊಲನಿನ್ ಅಲ್ಲ, ಅಟ್ರೊಪಿನ್ ವರ್ಗದ್ದು. ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಬುದ್ಧಿ ಭ್ರಮೆಗೊಂಡು ಪ್ರಾಣಕ್ಕೇ ಎರವಾಗಬಹುದು. ಹೀಗಾಗಿ ಗುರುತಿಗೆ ಕಣ್ಣೊಂದೇ ಸಾಲದು. ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸುವುದು ರೂಢಿ. ದತ್ತೂರಿಯ ಎಲೆಗೆ ಹೊಟ್ಟೆ ತೊಳಸುವ ದುರ್ವಾಸನೆಯಿದೆ. ಕುಡಿಯನ್ನು ಹೆಬ್ಬೆರಳ ಉಗುರಿನಿಂದ ಚಿವುಟಿದಾಗ ಪಟ್ಟನೆ ಮುರಿಯಬೇಕು; ನಾರು ಎಳೆದರೆ ಬಲಿತದ್ದೆಂದು ಬಿಡುತ್ತಾರೆ. ಅನುಮಾನ ಬಂದ ಸಸಿಯನ್ನು ಪರೀಕ್ಷಿಸುತ್ತ ಕೂರುವುದಿಲ್ಲ, ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಸೊಪ್ಪು ಹೇರಳವಾಗಿರುವಾಗ ಒಂದು ಗಿಡವನ್ನು ಬಿಡುವುದರಿಂದ ನಷ್ಟವೇನಿಲ್ಲ. ಈ ಔದಾರ್ಯ ಸಮೃದ್ಧಿಯ ಕಾಲದ್ದು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ತಪಾಸಣೆ ಮನೆಯಲ್ಲಿ. ಮಡಿಲ ಸೊಪ್ಪನ್ನು ಮೊರಕ್ಕೆ ಸುರಿದು ಸೋಸುತ್ತಾರೆ. ಸೋಸುವುದೆಂದರೆ ಕಸ ತೆಗೆಯುವುದು ಮಾತ್ರವಲ್ಲ. ಒಂದೊಂದು ಕುಡಿಯೂ ಕೈಯಿಂದ ಕೈಗೆ, ಕಣ್ಣಿಂದ ಕಣ್ಣಿಗೆ ಹಾಯುತ್ತದೆ. ಸಾಮಾನ್ಯವಾಗಿ ಇದು ಹೊಲಕ್ಕೆ ಹೋಗಲಾರದ ಮುದುಕಿಯ ಕೆಲಸ. ಕಿತ್ತವಳು ಒಬ್ಬಳು, ಸೋಸುವವಳು ಇನ್ನೊಬ್ಬಳು ಎಂಬ ಈ ಏರ್ಪಾಡು ದುಡಿಮೆಯ ಹಂಚಿಕೆಯಿಂದ ಬಂದದ್ದೇ ಹೊರತು ಸುರಕ್ಷತೆಯ ಯೋಜನೆಯಾಗಿ ಯಾರೂ ರೂಪಿಸಿದ್ದಲ್ಲ. ಆದರೂ ಅದರ ಫಲ ಸುರಕ್ಷತೆಯೇ. ಮೂರನೆಯ ತಪಾಸಣೆ ನಾಲಗೆಯದು. ಗಣಿಕೆಗೆ ಸಹಜವಾದ ಹದವಾದ ಕಹಿಯಿದೆ, ಅದಕ್ಕೆ ಬೆಲೆಯೂ ಇದೆ. ಆ ಹದ ಮೀರಿದ ಕಹಿಯನ್ನು ತಿನ್ನುವುದಿಲ್ಲ. ಸೊಲನಿನ್ ಬಳಗದ ಸಂಯುಕ್ತಗಳು ಕಹಿಯಾಗಿರುವುದರಿಂದ ಈ ಪರೀಕ್ಷೆಗೆ ಅರ್ಥವಿದೆ. ಆದರೆ ಎಲ್ಲ ವಿಷವೂ ಕಹಿಯಲ್ಲವಾದ್ದರಿಂದ ಇದನ್ನು ಎಲ್ಲ ಗಿಡಕ್ಕೂ ಅನ್ವಯಿಸುವಂತಿಲ್ಲ.

ಅಡುಗೆಯ ಕ್ರಮದ ಬಗ್ಗೆ ಒಂದು ಜನಪ್ರಿಯ ಅಭಿಪ್ರಾಯವನ್ನು ಇಲ್ಲಿ ತಿದ್ದಬೇಕಾಗಿದೆ. ಹಿಂದಿನವರು ಸೊಪ್ಪನ್ನು ಬೇಯಿಸಿ ನೀರು ಬಸಿದು ವಿಷ ತೆಗೆಯುತ್ತಿದ್ದರು ಎಂದು ಹಲವರು ಬರೆದಿದ್ದಾರೆ. ಬಸಿಯುತ್ತಿದ್ದುದು ನಿಜ, ಚೆಲ್ಲುತ್ತಿದ್ದುದಲ್ಲ. ಬಸ್ಸಾರಿನಲ್ಲಿ ಕಾಳು ಮತ್ತು ಸೊಪ್ಪು ಬೆಂದ ಕಟ್ಟಿಗೆ ಖಾರ ಕೂಡಿಸಿಯೇ ಸಾರು ಮಾಡುವುದು. ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ನೀರಿಗೆ ಇಳಿದದ್ದೆಲ್ಲ ಸಾರಿನ ಮೂಲಕ ಹೊಟ್ಟೆಗೇ ಸೇರುತ್ತದೆ. ಮಸ್ಸೊಪ್ಪಿನಲ್ಲಂತೂ ಬಸಿದ ನೀರನ್ನು ಮಸೆದ ಸೊಪ್ಪಿಗೇ ಮರಳಿ ಕೂಡಿಸುತ್ತಾರೆ. ಕುದಿಯುವ ನೀರಿನ ಶಾಖಕ್ಕೆ ಸೊಲನಿನ್ ಅಷ್ಟಾಗಿ ಒಡೆಯುವುದೂ ಇಲ್ಲ. ಆದ್ದರಿಂದ ಜನಪದರಿಗೆ ರಸಾಯನಶಾಸ್ತ್ರ ಗೊತ್ತಿತ್ತು ಎಂಬ ಅಭಿಮಾನದ ವಾದ ಈ ಸಂದರ್ಭದಲ್ಲಿ ನಿಲ್ಲುವುದಿಲ್ಲ. ರಕ್ಷಣೆ ಇದ್ದುದು ಬೇರೆ ಕಡೆ: ಎಳೆಯ ಕುಡಿಯನ್ನಷ್ಟೇ ಆರಿಸುವುದು, ಕಾಯಿ ಬಿಟ್ಟ ಗಿಡವನ್ನು ಬಿಡುವುದು, ಎಲ್ಲಕ್ಕಿಂತ ಮಿಗಿಲಾಗಿ ಬೆರಕೆ. ಐದಾರು ಸೊಪ್ಪಿನ ನಡುವೆ ಗಣಿಕೆ ಒಂದು ಹಿಡಿ. ಯಾವ ಒಂದು ಗಿಡದ ದೋಷವೂ ಅತಿಯಾಗಿ ಒಬ್ಬರ ಹೊಟ್ಟೆಗೆ ಸೇರದಂತೆ ಬೆರಕೆ ತಡೆಯುತ್ತಿತ್ತೆಂಬುದು ಊಹೆ. ಆದರೆ ಗಣಿಕೆಯನ್ನು ಒಂಟಿಯಾಗಿ ಬಳಸುವ ಸಂದರ್ಭಗಳಲ್ಲಿ ಪ್ರಮಾಣ ತೀರ ಕಡಿಮೆಯಿರುವುದು ಈ ಊಹೆಗೆ ಒತ್ತಾಸೆಯಾಗುತ್ತದೆ. ಬಾಯಿಹುಣ್ಣಿಗೆ ನಾಲ್ಕಾರು ಎಲೆ ಅಗಿಯುವುದು, ಮಲೆನಾಡಿನಲ್ಲಿ ಒಂದು ಹಿಡಿ ಕುಡಿಯನ್ನು ಬಾಡಿಸಿ ಕಾಯಿ, ಮಜ್ಜಿಗೆ ಕೂಡಿಸಿ ಇಡೀ ಮನೆಗೆ ತಂಬುಳಿ ಮಾಡುವುದು ಇಂಥವು. ಹಸಿರು ಕಾಯನ್ನು ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿಯುವ ತಮಿಳರ ಪದ್ಧತಿ ಈ ನಿಯಮಕ್ಕೆ ಅಪವಾದದಂತೆ ಕಾಣುತ್ತದೆ. ಅಲ್ಲಿಯೂ ಬಳಸುವುದು ಒಂದು ಚಮಚದಷ್ಟು, ಅನ್ನಕ್ಕೆ ರುಚಿಗಾಗಿ.

ಮಕ್ಕಳ ಲೋಕದಲ್ಲಿ ಸೊಪ್ಪಿಗಿಂತ ಹಣ್ಣು ಮುಖ್ಯ. ದನ ಕಾಯುವ ಹುಡುಗರಿಗೆ ಗಣಿಕೆಹಣ್ಣು, ಲಂಟಾನದ ಹಣ್ಣು, ಕಾರೆ, ಕವಳೆ ಎಲ್ಲ ಒಂದೇ ಬುತ್ತಿ. ಪೂರ್ತಿ ಕಪ್ಪಾಗಿರಬೇಕು, ಮುಟ್ಟಿದರೆ ತೊಟ್ಟಿನಿಂದ ಕಳಚಿ ಬರಬೇಕು ಎಂಬುದು ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಗುರುತು; ಹಸಿರು ಕಾಯಿಯ ಅಪಾಯವನ್ನು ನೆನೆದರೆ ಇದು ಸರಿಯಾದ ಗುರುತು. ಇದರ ಜೊತೆಗೇ ಹಕ್ಕಿ ತಿಂದ ಹಣ್ಣು ಮನುಷ್ಯನಿಗೂ ಸಲ್ಲುತ್ತದೆ ಎಂಬ ಮಾತೂ ಬಳಕೆಯಲ್ಲಿದೆ. ಇದು ತಪ್ಪು, ಅಪಾಯಕಾರಿ ತಪ್ಪು. ಕಾಸರಕದ ಹಣ್ಣಿನ ತಿರುಳನ್ನು ಮಂಗಟ್ಟೆಯಂಥ ಹಕ್ಕಿಗಳೂ ಮುಸುವಗಳೂ ತಿನ್ನುತ್ತವೆ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ಜನಪದ ಜ್ಞಾನವನ್ನು ಇಡಿಯಾಗಿ ಒಪ್ಪಿಕೊಳ್ಳುವುದು, ಇಡಿಯಾಗಿ ತಳ್ಳಿಹಾಕುವುದು ಎರಡೂ ಸುಲಭ. ಅದರೊಳಗೆ ಪರೀಕ್ಷೆಗೆ ಒಳಪಟ್ಟ ಗುರುತುಗಳೂ ಇವೆ, ಬರಿಯ ಮಾತುಗಳೂ ಇವೆ.

ಕಾಸರಕದ ಮಾತು ಬಂದುದರಿಂದ ತುಳುನಾಡಿನ ಆಟಿ ಅಮಾವಾಸ್ಯೆಯ ಆಚರಣೆಯನ್ನು ಹೋಲಿಸಿ ನೋಡಬಹುದು. ಅಂದು ನಸುಕಿನಲ್ಲಿ, ಸೂರ್ಯ ಮೂಡುವ ಮೊದಲು ಹಾಲೆಮರದ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು, ಮೆಣಸು ಬೆಳ್ಳುಳ್ಳಿ ಕೂಡಿಸಿ ಕಷಾಯ ಕುಡಿಯುವುದು ಪದ್ಧತಿ. ಕತ್ತಲೆಯಲ್ಲಿ ಕೆತ್ತಬೇಕೆಂಬ ಕಟ್ಟಳೆಯೇ ಇಲ್ಲಿ ಅಪಾಯದ ಮೂಲ. ಹಾಲೆಯೆಂದು ತಪ್ಪಿ ಕಾಸರಕದ ತೊಗಟೆಯನ್ನು ತಂದು ಕುಡಿದವರು ಅಸ್ವಸ್ಥರಾದ ಪ್ರಸಂಗಗಳಿವೆ. ಇದನ್ನು ಬಲ್ಲ ಹಿರಿಯರು ಹಿಂದಿನ ದಿನವೇ ಬೆಳಕಿನಲ್ಲಿ ಹೋಗಿ ಮರವನ್ನು ಗುರುತಿಸಿ ದಾರ ಕಟ್ಟಿ ಬರುತ್ತಾರೆ. ಆಚರಣೆಯ ಭಾಷೆಯಲ್ಲಿ ಅದು ಮರಕ್ಕೆ ಕೊಡುವ ಆಮಂತ್ರಣ. ಪ್ರಯೋಜನದ ದೃಷ್ಟಿಯಿಂದ ಮರುದಿನ ಕತ್ತಲೆಯಲ್ಲಿ ಕೈ ತಪ್ಪದಂತೆ ಮಾಡಿಕೊಂಡ ಏರ್ಪಾಡು. ದಾರ ಕಟ್ಟುವ ಕ್ರಮವನ್ನು ಬಿಟ್ಟು ತೊಗಟೆ ಕುಡಿಯುವ ಕ್ರಮವನ್ನು ಮಾತ್ರ ಉಳಿಸಿಕೊಂಡವರೇ ತೊಂದರೆಗೆ ಸಿಲುಕುವವರು. ಗಣಿಕೆಯ ವಿಷಯದಲ್ಲಿ ಇಂದು ಆಗುತ್ತಿರುವುದೂ ಇದಕ್ಕಿಂತ ಬಹಳ ಬೇರೆಯಲ್ಲ.

ಹೊಲವೇ ಬದಲಾಗಿದೆ. ರಾಗಿಯ ವಿಸ್ತೀರ್ಣ ಕುಗ್ಗಿ ಹಲವೆಡೆ ನೀಲಗಿರಿ ತೋಪುಗಳೆದ್ದವು. ನೀಲಗಿರಿಯಡಿಯಲ್ಲಿ ಬೆರಕೆಸೊಪ್ಪು ಹುಟ್ಟುವುದಿಲ್ಲ. 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ, ಕಾಂಗ್ರೆಸ್ ಗಿಡವೆಂಬ ಹೆಸರಿನಿಂದ ಬದುಗಳನ್ನೂ ಗೋಮಾಳಗಳನ್ನೂ ಆಕ್ರಮಿಸಿತು. ಕೂಲಿಯ ದರ ಏರಿದಂತೆ ಕಳೆನಾಶಕಗಳು ಬಂದವು. ಗ್ಲೈಫೋಸೇಟಿನಂಥ ಮದ್ದು ಹೊಡೆದ ಗಿಡ ಕೂಡಲೇ ಒಣಗುವುದಿಲ್ಲ. ಹಲವು ದಿನ ಹಸಿರಾಗಿಯೇ ನಿಂತಿರುತ್ತದೆ. ಉಜ್ಜಿ ಮೂಸಿದರೂ ಚಿವುಟಿದರೂ ಅದು ಗಣಿಕೆಯೇ, ಎಳೆಯದೇ. ಹಳೆಯ ಗುರುತುಗಳೆಲ್ಲ ಸರಿಯಾಗಿದ್ದೂ ಸೊಪ್ಪು ಉಣ್ಣಲು ಯೋಗ್ಯವಲ್ಲ. ಬೆಂಗಳೂರಿನ ಸುತ್ತ ವೃಷಭಾವತಿಯಂಥ ಕೊಳಚೆಯ ಹರಿವಿನ ದಡದಲ್ಲಿ ಗಣಿಕೆ ಸೊಂಪಾಗಿ ಬೆಳೆಯುತ್ತದೆ; ಅಂಥ ನೀರುಂಡ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂಗಳು ಸೇರುವುದನ್ನು ಯಾವ ಅಜ್ಜಿಯ ಕಣ್ಣೂ ಕಾಣಲಾರದು. ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಇದು ಯಾವ ಗಿಡ ಎಂಬುದು. ಈಗ ಇದು ಯಾವ ನೆಲದ ಗಿಡ, ಆ ನೆಲಕ್ಕೆ ಹೋದ ವಾರ ಏನು ಹೊಡೆದರು ಎಂಬುದನ್ನೂ ಕೇಳಬೇಕು. ತನ್ನ ಹೊಲದಲ್ಲಿ, ತನ್ನೂರಿನಲ್ಲಿ ಕೀಳುವವರಿಗೆ ಉತ್ತರ ಸಿಗುತ್ತದೆ. ಸಂತೆಯಲ್ಲಿ ಕೊಳ್ಳುವವರಿಗೆ ಸಿಗುವುದಿಲ್ಲ.

ಪೇಟೆಯಲ್ಲಿ ಗಣಿಕೆ ಈಗ ಬೇರೆಯೇ ರೂಪದಲ್ಲಿ ಚಲಾವಣೆಯಲ್ಲಿದೆ. ಪಾತಿ ಮಾಡಿ ಬೆಳೆದು ಒಂದೇ ಸೊಪ್ಪಿನ ಕಟ್ಟಾಗಿ ಮಾರುತ್ತಾರೆ. ಕೊಳ್ಳುವವರಲ್ಲಿ ಅನೇಕರು ಹೊಟ್ಟೆಹುಣ್ಣಿಗೆ, ಪಿತ್ತಕೋಶಕ್ಕೆ ಒಳ್ಳೆಯದೆಂದು ಕೇಳಿ ಬಂದವರು. ಕಟ್ಟಿನಲ್ಲಿ ಬಲಿತ ಕಾಂಡ, ಹೂವು, ಹಸಿರು ಕಾಯಿ ಎಲ್ಲವೂ ಇರುತ್ತವೆ. ಮೊರ ಹಿಡಿದು ಸೋಸುವ ಮುದುಕಿ ಆ ಮನೆಯಲ್ಲಿಲ್ಲ. ಇಡೀ ಕಟ್ಟನ್ನು ತೊಳೆದು ರುಬ್ಬಿ, ಬರಿಹೊಟ್ಟೆಗೆ ಹಸಿ ರಸವಾಗಿ ಒಬ್ಬರೇ ದಿನವೂ ಕುಡಿಯುವ ಪದ್ಧತಿ ಬೆಳೆದಿದೆ. ಬೆರಕೆಯಲ್ಲಿ ಒಂದು ಹಿಡಿಯಾಗಿ ಏಳೆಂಟು ಜನರಿಗೆ ಹಂಚಿಹೋಗುತ್ತಿದ್ದ ಸೊಪ್ಪು ಹೀಗೆ ಒಬ್ಬರ ಲೋಟಕ್ಕೆ ಬಂದು ಸೇರಿದೆ, ಕೆಲವೊಮ್ಮೆ ರುಚಿಗೆಂದು ಒಂದು ಚಮಚ ಜೇನಿನೊಡನೆ.